ತಡೆಪಟ್ಟಿಯಲ್ಲಿ ಗಂಧದ ಹಾರ

ಬೆಳಿಗ್ಗೆ ಕಸ ಗುಡಿಸಿ, ಅಂಗಳಕ್ಕೆ ನೀರು ಚಿಮುಕಿಸಿ, ಒಲೆಯ ಮೇಲೆ ಚಹಾಕ್ಕಿಟ್ಟ ಮೇಲೆ ಗುರುಸಿದ್ದವ್ವ ಗೋಡೆಗೊರಗಿ ಕೂತು ಫೋನಿನಲ್ಲಿ ಜಾಹೀರಾತು ಆರಿಸುತ್ತಿದ್ದಳು. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ತೆಗೆಯುವುದಕ್ಕೂ ಇದಕ್ಕೂ ಅವಳಿಗೆ ಹೆಚ್ಚಿನ ಫರಕು ಕಾಣುತ್ತಿರಲಿಲ್ಲ. ಬೇಡವಾದ ಹೆಸರಿನ ಮುಂದಿನ ಚೌಕಕ್ಕೆ ಬೆರಳು ತಾಗಿಸಿದರೆ ಅದು ಕೆಂಪಾಗುತ್ತಿತ್ತು. ಅಲ್ಲಿಗೆ ಆ ಬಗೆಯ ಜಾಹೀರಾತು ಅವಳ ಬ್ಲಾಗಿನೊಳಗೆ ಕಾಲಿಡುವಂತಿಲ್ಲ.

ಬ್ಲಾಗಿನ ಹೆಸರು 'ನಾಲ್ಕು ಮೂಲಿ'. ಜಕ್ಕನಹಾಳದ ಹೆಂಗಸರು ಹೊಲಿಯುವ ಕೌದಿಗಳ ಬಗ್ಗೆ ಅವಳು ಅದರಲ್ಲಿ ಬರೆಯುತ್ತಿದ್ದಳು. ಹಳೆಯ ಸೀರೆ, ಧೋತರ, ಕುಪ್ಪಸಗಳ ಚಿಂದಿಯನ್ನು ಒಂದರ ಮೇಲೊಂದು ಹಾಸಿ ಹೊಲಿದ ಹೊದಿಕೆಗಳು ಅವು. ಯಾವ ಚಿಂದಿ ಯಾರ ಮೈಮೇಲಿನದು, ಅದನ್ನುಟ್ಟ ದಿನ ಮನೆಯಲ್ಲಿ ಏನು ನಡೆದಿತ್ತು ಎಂಬುದನ್ನೆಲ್ಲ ಫೋಟೊ ಸಮೇತ ಬರೆಯುವಳು. ಹತ್ತನೆಯ ಇಯತ್ತೆಯವರೆಗೆ ಓದಿದ ಕೈ. ಓದುವವರು ಮಾತ್ರ ಸೋಲಾಪುರದಿಂದ ದುಬೈವರೆಗೂ ಇದ್ದರು.

ಬ್ಲಾಗಿಗೆ ಜಾಗ ಕೊಟ್ಟದ್ದು ಹುಬ್ಬಳ್ಳಿಯ ಮುನ್ನೋಟ ಎಂಬ ಕಂಪನಿ. ಜಾಗ ಪುಕ್ಕಟೆ. ಬದಲಿಗೆ ಅವರು ತಂದು ಹಾಕುವ ಜಾಹೀರಾತಿಗೆ ಬರಹದ ನಡುವೆ ಎಡೆ ಕೊಡಬೇಕು. ಯಾವುದು ಬೇಡ ಎಂದು ಹೇಳುವ ಹಕ್ಕು ಬ್ಲಾಗಿನವರದು. ಅದಕ್ಕೇ ಈ ತಡೆಪಟ್ಟಿ. ಮೊದಲ ದಿನವೇ ಗುರುಸಿದ್ದವ್ವ ಮಿಲ್ಲಿನ ಬ್ಲ್ಯಾಂಕೆಟ್ಟುಗಳನ್ನು ಕೆಂಪು ಮಾಡಿದ್ದಳು. "ನನ್ನ ಕಟ್ಟಿ ಮ್ಯಾಲೆ ಕುಂತು ಮಂದಿ ತಮ್ಮ ಸಾಮಾನು ಮಾರತೀನಿ ಅಂದ್ರ ಬಿಡಾಕ ಬರತೈತೇನು?" ಎಂದಿದ್ದಳು. ಆಮೇಲೆ ಮುಖ ಬೆಳ್ಳಗಾಗುವ ಮುಲಾಮು, ಇಸ್ಪೀಟಿನ ಆಟ, ಗುಟ್ಕಾ. ಅವಳ ಗಂಡ ಬಾಳಪ್ಪ ಊರಿನ ನೀರಿನ ಟ್ಯಾಂಕು ನೋಡಿಕೊಳ್ಳುವ ವಾಟರ್‌ಮನ್. ಅವನು ನಗುತ್ತಿದ್ದ. "ನಾ ಊರಿಗೆ ನೀರ ಬಿಡತೀನಿ, ನೀ ಜಾಹೀರಾತ ಬಿಡತಿ. ಇಬ್ಬರ ಕೈಯಾಗೂ ಒಂದೊಂದು ವಾಲ್ವ್ ಐತಿ ನೋಡು." ಮಗಳನ್ನು ಇಳಕಲ್ಲಿಗೆ ಕೊಟ್ಟ ಮೇಲೆ ಮನೆಯಲ್ಲಿ ಅವರಿಬ್ಬರೇ.

ಮುನ್ನೋಟದ ಜಾಹೀರಾತುಗಳು ಬೇರೆಯವರ ಹಾಗಿರಲಿಲ್ಲ. ಏನು ಬೇಕಾಗುತ್ತದೆ ಎಂದು ಬೇಕಾದವರಿಗೆ ಗೊತ್ತಾಗುವ ಮೊದಲೇ ಅವು ಬರುತ್ತಿದ್ದವು. ಮಾಬುಬಿಯ ಮನೆಯ ಕುಕ್ಕರಿನ ರಬ್ಬರು ಹರಿಯುವುದಕ್ಕೆ ಮೂರು ದಿನ ಮುಂಚೆ ಕುಕ್ಕರಿನ ರಬ್ಬರು ಬಂತು. ಕಸ್ತೂರಿಗೆ ತಾನು ಬಸುರಿ ಎಂದು ಗೊತ್ತಾಗುವ ಮುಂಚೆ ತೊಟ್ಟಿಲು ಬಂತು. ಆಗ ಈರವ್ವ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. "ಫೋನಿಗೆ ಗೊತ್ತಾತು, ಗಂಡಗ ಗೊತ್ತಾಗಲಿಲ್ಲ ನೋಡವ್ವ!"

ಈ ಮೂವರು ಮತ್ತು ಗುರುಸಿದ್ದವ್ವ, ನಾಲ್ವರೂ ಅವಳ ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುವವರು. ಮೂಲೆಗೊಬ್ಬರಂತೆ ಕೂತು, ತಮ್ಮ ತಮ್ಮ ಮೂಲೆಯನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿದು, ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ. ಅರಿವೆ ಡೋಲಿನ ತೊಗಲಿನಂತೆ ಬಿಗಿಯಾಗಿರುತ್ತದೆ. ನಡುವೆ ಗುರುಸಿದ್ದವ್ವನ ಫೋನು ಇಟ್ಟು, ಹಿಂದೆ ಬರೆದದ್ದನ್ನು ಅದರಿಂದಲೇ ಓದಿಸಿ ಕೇಳುತ್ತಾರೆ. ಏಳುವಾಗ ಯಾರೂ ಅರಿವೆಯಲ್ಲಿ ಸೂಜಿ ಬಿಟ್ಟು ಏಳುವುದಿಲ್ಲ. ನಾಳೆ ಅದರೊಳಗೆ ಮಲಗುವವರ ಮೈಗೆ ಆಗಿಬರುವುದಿಲ್ಲ ಎಂದು ಊರಲ್ಲಿ ಹಿಂದಿನಿಂದ ನಡೆದು ಬಂದದ್ದು.

ಕಸ್ತೂರಿಯ ಅತ್ತೆ ಹುಲಿಗೆವ್ವ ಇದ್ದಾಗ ಅವಳೂ ಬರುತ್ತಿದ್ದಳು. ಕಣ್ಣು ಹೋಗಿದ್ದವು, ಗೋಡೆಯ ಪಕ್ಕ ಕೂತು ಚಿಂದಿಯನ್ನು ಬೆರಳಲ್ಲಿ ತಿಕ್ಕಿ, ಇದು ರೇಷ್ಮೆ, ಇದು ನೂಲು ಎಂದು ಬೇರೆ ಮಾಡಿ ಕೊಡುತ್ತಿದ್ದಳು. ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಫೋನು ಓದುತ್ತ ಓದುತ್ತ, ಫೋಟೊಕ್ಕೆ ಹಾಕುವ ಗಂಧದ ಚಕ್ಕೆಯ ಹಾರದ ಜಾಹೀರಾತು ಹೇಳಿತು. ಹನ್ನೆರಡನೆಯ ದಿನ ಹುಲಿಗೆವ್ವ ತೀರಿಕೊಂಡಳು.

"ಅವತ್ತ ಹಾರ ಬಂದಿತ್ತಲ್ಲ, ಫೋನಿನಾಗ" ಎಂದು ಮಣ್ಣು ಮಾಡಿ ಬಂದ ದಿನ ಈರವ್ವ ಮೆಲ್ಲಗೆ ಅಂದಳು. ಗುರುಸಿದ್ದವ್ವ ಮರುದಿನ ತಡೆಪಟ್ಟಿ ತೆರೆದು ಆ ಹೆಸರಿನ ತನಕ ಹೋದಳು. 'ಅಂತ್ಯಕ್ರಿಯೆ ಮತ್ತು ಸ್ಮರಣೆಯ ಸಾಮಗ್ರಿ' ಎಂದಿತ್ತು. ಆ ಹೆಸರಿಗೆ ಬೆರಳು ತಾಗಿಸಲು ಮನಸ್ಸಾಗದೆ ಮುಚ್ಚಿಬಿಟ್ಟಳು.

ದಸರೆ ಕಳೆದ ಮೊದಲ ಮಂಗಳವಾರ. ಮಾಬುಬಿಯ ಮಗಳ ಬಾಣಂತನಕ್ಕೆ ಕೌದಿ ನಡೆದಿತ್ತು. ಫೋನು ಹೋದ ವರ್ಷದ ಬರಹ ಓದುತ್ತಿತ್ತು. "ಈ ಹಸಿರು ಚೂರು ನಮ್ಮ ಈರವ್ವ ಚಿಗವ್ವನ ಮದುವೆಯ ಸೀರೆಯದು. ಅದನ್ನುಟ್ಟು ಅವಳು ಎತ್ತಿನ ಗಾಡಿಯಿಂದ ಬಿದ್ದಿದ್ದಳು."

"ಬಿದ್ದಿರಲಿಲ್ಲ ನಾ, ನಮ್ಮ ಮಾವ ದಬ್ಬಿದ್ದ" ಎಂದಳು ಈರವ್ವ.

ದನಿ ಸ್ವಲ್ಪವೂ ಬದಲಾಗದೆ ಫೋನು ಮುಂದುವರಿಸಿತು. "ಗಂಧದ ಚಕ್ಕೆಯ ಹಾರ. ನಿಮ್ಮವರ ಫೋಟೊದ ಅಳತೆಗೆ. ಮೂರು ದಿನದಲ್ಲಿ ನಿಮ್ಮ ಮನೆ ಬಾಗಿಲಿಗೆ."

ನಾಲ್ಕೂ ಕೈ ಒಮ್ಮೆಲೆ ನಿಂತವು. ಕಸ್ತೂರಿ ಬಿಸಿ ಮುಟ್ಟಿದವಳಂತೆ ಅರಿವೆಯಿಂದ ಕೈ ಎತ್ತಿಕೊಂಡಳು. ಪಡಸಾಲೆಯ ಆ ತುದಿಯಲ್ಲಿ ಅವಳ ಕೂಸು ಜೋಳಿಗೆಯಲ್ಲಿ ಮಲಗಿತ್ತು. ಎದ್ದು ಹೋಗಿ ಅದರ ಮುಂದೆ ನಿಂತಳು.

"ತಗೀ ಅದನ್ನ. ಗುರುಸಿದ್ದಿ, ತಗೀ ಅಂದ್ರ!" ಈರವ್ವನ ದನಿ ಹರಿದಿತ್ತು.

ಗುರುಸಿದ್ದವ್ವ ಫೋನು ಎತ್ತಿಕೊಂಡಳು. ತಡೆಪಟ್ಟಿಯ ಆ ಹೆಸರಿಗೆ ಈ ಸಲ ಬೆರಳು ಒತ್ತಿದಳು. ಚೌಕ ಕೆಂಪಾಯಿತು. ಹಾರ ಹೋಗಿ ಆ ಜಾಗದಲ್ಲಿ ಬಟ್ಟೆ ಸೋಪಿನ ಚಿತ್ರ ಬಂತು.

"ಹೋತು" ಎಂದಳು.

"ಎಲ್ಲಿ ಹೋತಕ್ಕ?" ಮಾಬುಬಿ ಸೂಜಿಯನ್ನು ದಾರದ ಉಂಡೆಗೆ ಚುಚ್ಚುತ್ತ ಕೇಳಿದಳು. "ಚಿತ್ರ ಹೋತು. ನಮ್ಮೊಳಗ ಬಂದದ್ದು ಇಲ್ಲೇ ಐತಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈರವ್ವನಿಗೆ ಅರವತ್ತೆಂಟು. ಮಾಬುಬಿಗೆ ಸಕ್ಕರೆ ಕಾಯಿಲೆ. ಕಸ್ತೂರಿ ಹೆರಿಗೆಯಲ್ಲಿ ರಕ್ತ ಹೋಗಿ ಬದುಕಿದವಳು. ಗುರುಸಿದ್ದವ್ವನಿಗೆ ಈಚೆಗೆ ನಿದ್ದೆಯಿಲ್ಲ, ಸೂಜಿಯ ಕಣ್ಣಿಗೆ ದಾರ ಪೋಣಿಸುವಾಗ ಕೈ ನಿಲ್ಲುವುದಿಲ್ಲ. ಮರುದಿನ ಹೊಲಿಗೆಗೆ ಯಾರೂ ಬರಲಿಲ್ಲ. ಮಾಬುಬಿ ತನ್ನ ಎರಡು ಆಡಿನಲ್ಲಿ ಕಪ್ಪನೆಯದು ದೊಡ್ಡ ಮಗಳಿಗೆ ಎಂದು ನೆರೆಮನೆಯವರ ಎದುರು ಹೇಳಿದಳಂತೆ. ಈರವ್ವ ಎಂದೂ ಇಲ್ಲದವಳು ಸೊಸೆಯನ್ನು ಕೂಡಿಸಿಕೊಂಡು ತಲೆ ಬಾಚಿದಳಂತೆ.

ಗುರುವಾರ ಗುರುಸಿದ್ದವ್ವ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೊರಟಳು. ಗಂಡನಿಗೆ ದಾರ ತರುತ್ತೇನೆ ಎಂದು ಹೇಳಿದ್ದಳು.

*

ಮುನ್ನೋಟದ ಕಚೇರಿಯ ಮೂರನೆಯ ಅಂತಸ್ತಿನ ಕೋಣೆಯಲ್ಲಿ ಬೆಳಕು ಕಡಿಮೆ, ಚಳಿ ಹೆಚ್ಚು. ಒಂದು ಇಡೀ ಗೋಡೆಯ ಮೇಲೆ ಜೋಳದ ಕಾಳಿನಷ್ಟು ಸಣ್ಣ ದೀಪಗಳು ಹೊತ್ತುತ್ತ ಆರುತ್ತ ಇದ್ದವು. ಒಂದೊಂದು ದೀಪವೂ ಒಂದು ಬ್ಲಾಗು. ಗುರುಸಿದ್ದವ್ವ ಸೆರಗು ಹೊದ್ದು ನಿಂತಳು. ಬ್ಲಾಗಿನವರ ದೂರು ಕೇಳುವ ಕೆಲಸ ಮೇಘನಾ ಹೆಬಸೂರ ಎಂಬ ಹುಡುಗಿಯದು.

"ಕೂಡ್ರಿ ಅಕ್ಕಾರ. ನಿಮ್ಮ ಕೌದಿ ನಾನೂ ನೋಡೇನಿ. ಏನಾಗೇದ?"

ಗುರುಸಿದ್ದವ್ವ ಹುಲಿಗೆವ್ವನಿಂದ ಹಿಡಿದು ಮಂಗಳವಾರದ ತನಕ ಎಲ್ಲ ಹೇಳಿದಳು. ಮೇಘನಾ ಕೇಳುತ್ತ ಕೇಳುತ್ತ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ನೋಡ್ರಿ, ಫೋನಿನೊಳಗ ಅಲುಗಾಟ ಅಳಿಯೋ ಒಂದು ಚೂರು ಇರ್ತದ. ನಿಮ್ಮ ಕೈ ಎಷ್ಟು ನಡಗ್ತದ, ಎಷ್ಟು ತಡದು ಒತ್ತತೀರಿ, ನಡುನಡುವ ಎಷ್ಟು ಸಲ ನಿಲ್ಲತೀರಿ, ಎಲ್ಲಾ ಅದಕ್ಕ ತಿಳೀತದ. ಕೋಟಿಗಟ್ಟಲೆ ಮಂದಿ ಕೈ ನೋಡಿ ಕಲತದ. ಹಿಂಗ ಕೈ ಆಡಿಸಿದವರು ಮುಂದ ಇಪ್ಪತ್ತು ದಿನದೊಳಗ ಏನು ಕೊಂಡ್ರು ಅಂತ ಅದಕ್ಕ ಗೊತ್ತದ."

"ಫೋನು ಯಾರ ಕೈಯಾಗೂ ಇರಲಿಲ್ಲರೀ ತಂಗಿ. ಕೌದಿ ಮ್ಯಾಲಿತ್ತು."

ಮೇಘನಾ ಕೇಳಿದಳು, "ಅರಿವಿ ಬಿಗಿ ಹಿಡದಿದ್ರೇನು?"

"ಡೋಲಿನ ತೊಗಲಿದ್ದಂಗ."

"ಹಂಗಂದ್ರ ಅರಿವಿ ಮುಟ್ಟಿದವರ ಕೈ ಎಲ್ಲಾ ಅದಕ್ಕ ಕೇಳಿಸ್ಯಾವ. ನಾಲ್ಕರೊಳಗ ಒಂದು ಗಟ್ಟಿಯಾಗಿ ಕೇಳಿಸಿರಬೇಕು."

"ಯಾರ್ದು?"

"ಹೆಸರು ಅದಕ್ಕ ಗೊತ್ತಿರೂದಿಲ್ಲ." ಮೇಘನಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ತಡೆ ತಗದು, ಒಬ್ಬೊಬ್ಬರ ಕೈಯಾಗ ಬ್ಯಾರೆ ಬ್ಯಾರೆ ಕೊಟ್ಟು ನೋಡ್ರಿ. ನಾ ಹೇಳಿದೆ ಅಂತ ಅನಬ್ಯಾಡ್ರಿ. ಹಿಂಗ ಹೇಳೂದು ಇಲ್ಲಿನ ನಿಯಮಕ್ಕ ವಿರುದ್ಧ."

"ಸಾವು ಹೆಂಗ ತಿಳೀತೈತಿ ಅದಕ?"

"ಸಾವು ತಿಳಿಯೂದಿಲ್ಲ ಅಕ್ಕಾರ. ಕೊಳ್ಳೂದಷ್ಟ ತಿಳೀತದ. ಕೆಲವೊಂದು ನಮ್ಮ ತಲಿಗಿಂತ ಮೊದಲ ಕೈಗೆ ಗೊತ್ತಾಗಿರ್ತದ. ಆ ಕೈನ್ನ ಅದು ಓದ್ತದ."

ಗುರುಸಿದ್ದವ್ವ ಎದ್ದಳು. ಬಾಗಿಲಲ್ಲಿ ತಿರುಗಿ, "ಯಾರ ಸರದಿ ಅಂತ ತಿಳಿದ್ರ ಛಲೋ ಆಗತೈತವ್ವ. ಮಾಡೂದಿದ್ದದ್ದು ಮಾಡಿ ಮುಗಿಸಬಹುದು" ಎಂದಳು. ಮೇಘನಾ ಏನೋ ತಿಳಿದು ತಲೆಯಾಡಿಸಿದಳು.

ಮಧ್ಯಾಹ್ನ ಡಬ್ಬಿ ಬಿಚ್ಚಿ ಮೊಸರನ್ನ ಬಾಯಿಗಿಡುವಾಗ ಮೇಘನಾಳಿಗೆ ಆ ಮಾತು ಮತ್ತೆ ಕೇಳಿಸಿತು. ಯಾರ ಸರದಿ. ಚಮಚ ಅಲ್ಲೇ ನಿಂತಿತು. ಆ ಹೆಂಗಸು, ಯಾರ ಕೈಗೆ ಹಾರ ಕಾಣುತ್ತದೋ ಅವರೇ ಸಾಯುತ್ತಾರೆ ಎಂದುಕೊಂಡು ಹೋಗಿದ್ದಾಳೆ. ಸತ್ತವರು ಹಾರ ಕೊಳ್ಳುವುದಿಲ್ಲ. ಕೊಳ್ಳುವವರು ಮನೆಯಲ್ಲಿ ಉಳಿದವರು. ಮಗ್ಗುಲಲ್ಲಿ ಮಲಗಿದವರ ಉಸಿರು ಏರುಪೇರಾದದ್ದನ್ನು, ತಟ್ಟೆಯಲ್ಲಿ ದಿನಾ ಎರಡು ತುತ್ತು ಉಳಿಯುವುದನ್ನು, ಹೆಜ್ಜೆಯ ಸಪ್ಪಳ ಬದಲಾದದ್ದನ್ನು ಮೈ ಕೇಳಿಸಿಕೊಂಡಿರುತ್ತದೆ. ಮನಸ್ಸು ಬೇಡ ಎಂದು ಮುಚ್ಚಿಟ್ಟದ್ದು ಕೈಯಲ್ಲಿ ನಡುಗುತ್ತದೆ. ಯಂತ್ರ ಓದಿದ್ದು ಆ ಹೆದರಿಕೆಯನ್ನು.

ಅವಳು ಆ ಬ್ಲಾಗಿನವರ ಫೋನು ಸಂಖ್ಯೆ ತೆರೆದಳು. ಪಕ್ಕದಲ್ಲೇ ಕೆಂಪಕ್ಷರದ ಸಾಲು ಇತ್ತು: ಮುನ್ಸೂಚನೆಯ ಕುರಿತು ಸಿಬ್ಬಂದಿ ತಾವಾಗಿ ಯಾರನ್ನೂ ಸಂಪರ್ಕಿಸಕೂಡದು. ಹೋದ ತಿಂಗಳು ಹಾಗೆ ಮಾಡಿದ ಒಬ್ಬನನ್ನು ಸಂಜೆಯೊಳಗೆ ಮನೆಗೆ ಕಳಿಸಿದ್ದರು. ಮೇಘನಾ ಪರದೆ ಮುಚ್ಚಿದಳು. ಆ ಕೋಣೆಯಲ್ಲಿ ಕೆಲಸ ಮಾಡುವ ಹನ್ನೊಂದು ಜನರೂ ತಮ್ಮ ತಮ್ಮ ಫೋನಿನಲ್ಲಿ ಆ ಒಂದು ಚೌಕವನ್ನು ಕೆಂಪು ಮಾಡಿಕೊಂಡಿದ್ದರು. ಅವಳೂ ಮಾಡಿಕೊಂಡಿದ್ದಳು. ಮನೆಯಲ್ಲಿ ಅವಳ ತಾಯಿ ಇದ್ದಳು.

*

ಶುಕ್ರವಾರ ಗುರುಸಿದ್ದವ್ವ ಮೂವರನ್ನೂ ಕರೆಸಿದಳು. ತಡೆ ತೆಗೆದಳು. ಕೆಂಪು ಚೌಕ ಬಿಳಿಯಾಯಿತು.

"ಒಬ್ಬೊಬ್ಬರಾಗಿ ಒಳಗ ಹೋಗಿ, ಕೈಯಾಗ ಹಿಡಕೊಂಡು ಒಂದು ಬರಹ ಪೂರಾ ಓದಿಸಿ ಬರ್ರಿ. ಬಂದದ್ದು ಹೇಳಾಕಬೇಕಂತಿಲ್ಲ."

"ನಾ ಒಲ್ಲೆ" ಎಂದಳು ಈರವ್ವ. ಐದು ನಿಮಿಷ ಕೂತು, "ಕೊಡ ಇಲ್ಲಿ, ಹಾಳಾಗ್ಲಿ" ಎಂದು ಮೊದಲು ಅವಳೇ ಎದ್ದಳು. ಹೊರಗೆ ಬಂದಾಗ ಮುಖ ಅಗಲವಾಗಿತ್ತು. "ಹಲ್ಲಿನ ಸೆಟ್ಟು! ನನಗ ಇನ್ನೂ ಕಡ್ಯೂದೈತಂತ!"

ಮಾಬುಬಿಗೆ ಸಿಮೆಂಟಿನ ತೊಟ್ಟಿ ಬಂತು. ಕಸ್ತೂರಿ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಕೂಸಿನ ಬೂಟಕ್ಕ. ಸೀಟಿ ಹೊಡಿಯೋ ಬೂಟು."

ಮೂವರೂ ಈಗ ಗುರುಸಿದ್ದವ್ವನ ಕಡೆ ನೋಡಬಾರದೆಂದು ನೆಲ ನೋಡುತ್ತಿದ್ದರು.

ಅವಳು ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಹೊರಗೆ ಬಾಳಪ್ಪ ನಲ್ಲಿಯ ಹತ್ತಿರ ಕೆಮ್ಮುವುದು ಕೇಳಿಸುತ್ತಿತ್ತು. ಬ್ಲೀಚಿಂಗ್ ಪುಡಿಯ ಘಾಟಿಗೆ ಅವನಿಗೆ ಈಚೆಗೆ ಕೆಮ್ಮು ಹತ್ತಿತ್ತು. ಬರಹ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ.

"ಗಂಧದ ಚಕ್ಕೆಯ ಹಾರ. ನಿಮ್ಮವರ ಫೋಟೊದ ಅಳತೆಗೆ."

ಒಲೆಯ ಕಟ್ಟೆ ಹಿಡಿದು ನಿಂತಳು. ಆಮೇಲೆ ಚೌಕವನ್ನು ಕೆಂಪು ಮಾಡಿ, ಮುಖಕ್ಕೆ ನೀರು ಹಾಕಿಕೊಂಡು ಹೊರಗೆ ಬಂದಳು.

"ಏನ್ ಬಂತು?"

"ಸೋಪು."

"ನೋಡ್ದ್ಯಾ, ಯಂತ್ರಕ್ಕ ತಲಿ ಕೆಟ್ಟಿತ್ತು ಅವತ್ತ" ಎಂದಳು ಈರವ್ವ. ಎಲ್ಲರೂ ದೊಡ್ಡದಾಗಿ ನಕ್ಕರು. ಗುರುಸಿದ್ದವ್ವ ಎಲ್ಲರಿಗಿಂತ ದೊಡ್ಡದಾಗಿ ನಕ್ಕಳು.

ಅಂದಿನಿಂದ ಅವಳು ದಿನ ಎಣಿಸುತ್ತ ಕೆಲಸಕ್ಕೆ ನಿಂತಳು. ತನ್ನ ಬಗ್ಗೆ ಹೆದರಿಕೆ ಇತ್ತು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ, ತಾನಿಲ್ಲದ ಮನೆಯಲ್ಲಿ ಈ ಮನುಷ್ಯ ಏನು ತಿಂದಾನು ಎಂಬುದು. ಮೂವತ್ತು ವರ್ಷದಲ್ಲಿ ಬಾಳಪ್ಪ ಒಂದು ದಿನವೂ ರೊಟ್ಟಿ ಬಡಿದವನಲ್ಲ. ಶನಿವಾರ ಅವನನ್ನು ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂಡಿಸಿದಳು.

"ಕುದಿನೀರು ಹಾಕಿ ನಾದ್ರಿ. ಅಂಗೈ ಹಿಂಬಡದಿಂದ ನಾದ್ರಿ, ಬೆರಳಿಂದಲ್ಲ."

"ಇದೇನ ಹೊಸಾ ಕಾಯ್ದೆ? ಸರಕಾರದಿಂದ ಬಂದೈತೇನು?"

"ನನಗ ಕೈ ಸೋಲತಾವು. ನಾದ್ರಿ."

ಅವನು ನಾದಿದ. ಹಣೆಯಲ್ಲಿ ಬೆವರು ಹನಿಯಿತು. ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಗೋಡೆಗೊರಗಿ ಕೂತ. "ಈ ಕೆಲಸಕ್ಕ ಟ್ಯಾಂಕ್ ಹತ್ತೂದು ಹಗುರ ಬಿಡ ಮಾರಾಯ್ತಿ" ಎಂದ. ರೂಢಿಯಿಲ್ಲದ ಕೆಲಸ, ಅದಕ್ಕೆ ದಣಿವು ಎಂದುಕೊಂಡಳು ಅವಳು. ಅವನ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ಇಬ್ಬರೂ ಅದನ್ನೇ ತಿಂದರು.

ಭಾನುವಾರ ಜೋಳದ ಚೀಲ ಹೊರಿಸಿ ಗಿರಣಿಗೆ ಕಳಿಸಿದಳು. ದಾರಿಯಲ್ಲಿ ಎರಡು ಕಡೆ ಚೀಲ ಇಳಿಸಿ ಕೂತಿದ್ದನೆಂದು ಈರವ್ವ ಬಂದು ನಗುತ್ತ ಹೇಳಿದಳು. "ನಿನ್ನ ಗಂಡ ಹೊಸಾ ಸೊಸಿ ಆಗ್ಯಾನಲ್ಲವ್ವ." ಸೋಮವಾರ ಅಟ್ಟದ ಮೇಲಿನ ಟ್ರಂಕು ಇಳಿಸಿ ಯಾವ ಗಂಟಿನಲ್ಲಿ ಯಾವ ಬಟ್ಟೆ ಎಂದು ತೋರಿಸಿದಳು. ಮಂಗಳವಾರ ಹಾಸಿಗೆಗಳನ್ನು ಒಗೆಸಿ ಹಿಂಡಿಸಿದಳು. ಅವನು ಹಿಂಡುವಾಗ ಅವಳು ಇನ್ನೊಂದು ತುದಿ ಹಿಡಿದಿದ್ದಳು. ಬಟ್ಟೆಯ ಮೂಲಕ ಅವನ ಕೈಯ ನಡುಕ ಅವಳ ಕೈಗೆ ಬಂತು. ಅದನ್ನು ಅವಳು ತನ್ನದೇ ನಡುಕ ಎಂದು ತಿಳಿದಳು.

ಅವನು ಈಚೆಗೆ ತಲೆದಿಂಬಿನ ಕೆಳಗೆ ಕಂಬಳಿ ಸುತ್ತಿ ಇಟ್ಟುಕೊಳ್ಳುತ್ತಿದ್ದ. ನಸುಕಿಗೆ ಎದ್ದು ಗೋಡೆಗೊರಗಿ ಕೂತಿರುತ್ತಿದ್ದ. ಅದನ್ನೆಲ್ಲ ಅವಳು ನೋಡಿದ್ದಳು, ನೋಡಿಯೂ ಬದಿಗಿಟ್ಟಿದ್ದಳು. ಸಾಯುವವಳು ತಾನಾಗಿರುವಾಗ ಬೇರೆಯವರ ಕೆಮ್ಮು ನೋಡುತ್ತ ಕೂಡಲು ಹೊತ್ತೆಲ್ಲಿ?

ಬುಧವಾರ ಬೆಳಿಗ್ಗೆ ಚಹಾ ಕೊಡುತ್ತ, "ಟ್ಯಾಂಕ್ ತೊಳಿಯೂದು ದಸರಿಯಿಂದ ಉಳದೈತಲ್ಲ. ಇವತ್ತ ತೊಳದ ಬಿಡ್ರಿ. ನಾ ಇರೂದ್ರಾಗ ಬಾಕಿ ಕೆಲಸ ಮುಗೀಲಿ" ಎಂದಳು.

"ಯಾಕ, ನೀ ಎಲ್ಲಿಗೆ ಹೊಂಟಿ?"

"ಎಲ್ಲಿಗಿಲ್ಲ. ಮಾತಿಗಂದೆ."

ಅವನು ಕಪ್ಪು ಕೆಳಗಿಟ್ಟು ಅವಳನ್ನೇ ನೋಡಿದ. ಕಸಬರಿಗೆ, ಬಕೆಟ್ಟು ತೆಗೆದುಕೊಂಡು ಹೊರಟ. ಬಾಗಿಲ ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟಲು ಬಹಳ ಹೊತ್ತು ಹಿಡಿಯಿತು. ಚಪ್ಪಲಿ ಒಗ್ಗಲಿಲ್ಲ, ಬರಿಗಾಲಲ್ಲೇ ಹೋದ.

ಬಿಸಿಲು ಏರಿದಾಗ ಕಸ್ತೂರಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. "ಯಕ್ಕಾ, ನಿನ್ನ ಬರಹದ ಕೆಳಗ ಯಾರೋ ಬರದಾರ. ನೀ ಈ ಕಡೆ ಬ್ಲಾಗ್ ತಗದ ನೋಡೇ ಇಲ್ಲೇನು? ನನ್ನ ಫೋನಿನಾಗ ನೋಡಿದೆ."

"ಏನಂತ?"

ಕಸ್ತೂರಿ ಓದಿದಳು. "'ಅಕ್ಕಾರ, ಹುಲಿಗೆವ್ವನವರ ಫೋಟೊಕ್ಕೆ ಹಾಕಿದ ಹಾರವನ್ನು ಕೊಂಡವರು ಯಾರು? ಅದನ್ನು ಮೊದಲು ಯೋಚಿಸಿರಿ. ತಡ ಮಾಡಬೇಡಿ.' ಹೆಸರು ಹಾಕಿಲ್ಲ. ನಮ್ಮತ್ತಿ ಹೆಸರು ಇವರಿಗ್ಯಾರ ಹೇಳಿದ್ರು?"

ಗುರುಸಿದ್ದವ್ವ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿದಳು. "ಯಾರು ತರಿಸಿದ್ರು?"

"ನಾನ. ಅವತ್ತ ಫೋನಿನಾಗ ಬಂದದ್ದು ನೆನಪಿತ್ತಲ್ಲ, ಅದನ್ನ ತರಿಸಿದೆ."

"ಕಸ್ತೂರಿ. ಅವತ್ತ ನಿಮ್ಮತ್ತಿ ಕೌದಿ ಮುಟ್ಟಿದ್ಲೇನು?"

"ಎಲ್ಲಿ ಮುಟ್ಟತಾಳಕ್ಕ? ಕಣ್ಣ ಇರಲಿಲ್ಲ. ಗ್ವಾಡಿಗೆ ಕುಂತು ಚಿಂದಿ ಆರಸತಿದ್ಲು."

ಅರಿವಿ ಮುಟ್ಟಿದವರ ಕೈ ಎಂದಿದ್ದಳು ಹುಬ್ಬಳ್ಳಿಯ ಆ ಹುಡುಗಿ. ಸಾವು ತಿಳಿಯುವುದಿಲ್ಲ, ಕೊಳ್ಳುವುದಷ್ಟೇ ತಿಳಿಯುತ್ತದೆ ಎಂದಿದ್ದಳು.

ಸೊಪ್ಪಿನ ಮೊರ ನೆಲಕ್ಕೆ ಬಿತ್ತು. ಗುರುಸಿದ್ದವ್ವ ಹೊಸ್ತಿಲ ಕಡೆ ನೋಡಿದಳು. ಚಪ್ಪಲಿಗಳು ಅಲ್ಲೇ ಇದ್ದವು. ಊದಿದ ಕಾಲು ತುರುಕಲು ಹೋಗಿ ಪಟ್ಟಿ ಒಂದು ಕಡೆ ಕಿತ್ತು ಬಂದಿತ್ತು.

ಅವಳು ಓಡಿದಳು.

ಟ್ಯಾಂಕು ಊರ ಹೊರಗೆ ಶಾಲೆಯ ಹಿಂದೆ. ದೂರದಿಂದಲೇ ಕಂಡಿತು. ಕಬ್ಬಿಣದ ನಿಚ್ಚಣಿಕೆಯ ಅರ್ಧದಲ್ಲಿ ಒಂದು ಗಂಟಿನಂತೆ ಅವನು ಅಂಟಿಕೊಂಡಿದ್ದ. ಬಕೆಟ್ಟು ಕೆಳಗೆ ಬಿದ್ದು ಒಡೆದಿತ್ತು.

"ರೀ!"

ಅವನು ಕೆಳಗೆ ನೋಡಲಿಲ್ಲ. "ಕಾಲು ಸಿಗವಲ್ದು" ಎಂದ. ದನಿ ಎಷ್ಟು ಸಣ್ಣದಿತ್ತೆಂದರೆ ಗಾಳಿಯಲ್ಲಿ ಅರ್ಧವಷ್ಟೇ ಬಂತು.

ಗುರುಸಿದ್ದವ್ವ ಮರ ಹತ್ತಿದವಳೂ ಅಲ್ಲ. ಸೀರೆಯನ್ನು ಕಚ್ಚೆ ಕಟ್ಟಿ ನಿಚ್ಚಣಿಕೆಗೆ ಕೈ ಹಚ್ಚಿದಳು. ಕಬ್ಬಿಣ ಬಿಸಿಲಿಗೆ ಕಾದಿತ್ತು. ಕೆಳಗೆ ನೋಡಬಾರದು ಎಂದುಕೊಂಡು, ಮೇಲಿನ ಆ ಎರಡು ಊದಿದ ಪಾದಗಳನ್ನಷ್ಟೇ ನೋಡುತ್ತ ಹತ್ತಿದಳು. ಹದಿನೆಂಟನೆಯ ಮೆಟ್ಟಿಲಲ್ಲಿ ಅವು ಕೈಗೆ ಸಿಕ್ಕವು. ತಣ್ಣಗಿದ್ದವು. ಬೆರಳೊತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು.

"ನಾ ಹಿಡದೀನಿ. ಎಡಗಾಲ ಬಿಡ್ರಿ. ನಾ ಇಡತೀನಿ."

"ನೀ ಬೀಳತಿ."

"ಬೀಳೂದಿಲ್ಲ. ನಾ ಅಲ್ಲ... ಬಿಡ್ರಿ ಅಂದ್ರ ಬಿಡ್ರಿ!"

ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಅವನ ಹಿಮ್ಮಡಿ. ಒಂದು ಮೆಟ್ಟಿಲು ತಾನು ಇಳಿದು, ಅವನ ಒಂದು ಕಾಲು ಹಿಡಿದು ಇಳಿಸಿ, ಇನ್ನೊಂದು ಹಿಡಿದು ಇಳಿಸಿ. ಪ್ರತಿ ಮೆಟ್ಟಿಲಿಗೂ ಅವನ ಉಸಿರು ನೀರೊಳಗಿಂದ ಬಂದಂತೆ ಗೊರಗೊರ ಅನ್ನುತ್ತಿತ್ತು. ಒಂದು ಕಡೆ ಅದು ನಿಂತೇಹೋಯಿತು. ಅವಳು ಅವನ ಕಾಲಿಗೆ ಹಣೆ ಒತ್ತಿ ಕಾದಳು. ಮತ್ತೆ ಬಂತು. ಕೆಳಗೆ ಮಂದಿ ಸೇರಿದ್ದರು. ಕೈಗಳು ಮೇಲೆ ಬಂದು ಅವನನ್ನು ಇಳಿಸಿಕೊಂಡವು. ತುಟಿ ನೇರಳೆ ಹಣ್ಣಿನಂತಿದ್ದವು.

*

ಗದಗಿನ ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡರು. ಹೃದಯ ಸೋತಿದೆ, ಪುಪ್ಪುಸದಲ್ಲಿ ನೀರು ತುಂಬಿತ್ತು ಎಂದರು ಡಾಕ್ಟರು. ತಿಂಗಳುಗಟ್ಟಲೆಯಿಂದ ನಡೆದದ್ದು. "ಮನಿಯಾಗ ಯಾರಿಗೂ ಗೊತ್ತಾಗಲಿಲ್ಲೇನು?" ಎಂದು ಕೇಳಿದರು. ಗುರುಸಿದ್ದವ್ವ ತನ್ನ ಕೈ ನೋಡಿಕೊಂಡಳು. ಇದಕ್ಕೆ ಗೊತ್ತಿತ್ತು ಎಂದು ಯಾರಿಗೆ ಹೇಳುವುದು? ಗೊತ್ತಿದ್ದೂ ಅವನಿಂದ ಜೋಳದ ಚೀಲ ಹೊರಿಸಿದೆ ಎಂದು ಹೇಗೆ ಹೇಳುವುದು?

ಮನೆಗೆ ಬಂದ ಮೇಲೆ ಬಾಳಪ್ಪನ ಮಂಚ ಪಡಸಾಲೆಗೆ ಬಂತು. ಉಪ್ಪಿಲ್ಲದ ಸಾರು, ನೀರಿಳಿಸುವ ಗುಳಿಗೆ. ಟ್ಯಾಂಕಿನ ಕೆಲಸ ಬೇರೆಯವರಿಗೆ ಹೋಯಿತು. "ನನ್ನ ವಾಲ್ವ್ ಬಿಟ್ಟಿತು" ಎಂದು ಅವನು ನಗಲು ನೋಡಿದ.

ಒಂದು ವಾರ ಕಳೆದು ಮಾಬುಬಿಯ ಮಗಳ ಕೌದಿ ಮತ್ತೆ ಬಿಚ್ಚಿಕೊಂಡಿತು. ದಿನ ತುಂಬುತ್ತ ಬಂದಿದ್ದವು, ಮುಗಿಸಲೇಬೇಕು. ನಾಲ್ವರೂ ಮೂಲೆ ಹಿಡಿದು ಕೂತರು. ಫೋನನ್ನು ಯಾರೂ ನಡುವೆ ಇಡಲಿಲ್ಲ.

"ಯಕ್ಕಾ" ಎಂದಳು ಕಸ್ತೂರಿ. "ಆ ತಡಿ ತಗೀ."

"ಹುಚ್ಚಿ! ಸುಮ್ನ ಹೊಲಿ" ಎಂದಳು ಈರವ್ವ.

"ಇಲ್ಲ ಚಿಗವ್ವ. ಅವತ್ತ ಅದು ಹೇಳಿದ್ದು ನನಗ. ಹನ್ನೆರಡು ದಿನ ಇತ್ತು ನನ್ನ ಕೈಯಾಗ. ನಾ ನಕ್ಕೋತ ಹೊಲದೆ." ಅವಳ ಕಣ್ಣು ಸೂಜಿಯ ಮೇಲೇ ಇದ್ದವು. "ಬಾಳಪ್ಪಣ್ಣ ಉಳದಾರ. ನಮ್ಮತ್ತೀನೂ ಉಳೀತಿದ್ಲೇನೋ. ತಗೀ ಯಕ್ಕಾ."

ಗುರುಸಿದ್ದವ್ವ ಮಾಬುಬಿಯನ್ನು ನೋಡಿದಳು. ಮಾಬುಬಿ ಕಣ್ಣು ಮುಚ್ಚಿ ತಲೆಯಾಡಿಸಿದಳು. ಈರವ್ವ ಈ ಸಲ ಬೇಡವೆನ್ನಲಿಲ್ಲ.

ಚೌಕ ಬಿಳಿಯಾಯಿತು. ಗುರುಸಿದ್ದವ್ವ ಫೋನನ್ನು ಬಿಗಿದ ಅರಿವೆಯ ನಡುವೆ ಇಟ್ಟಳು. ಅದು ಈರವ್ವನ ಹಸಿರು ಸೀರೆಯ ಬರಹವನ್ನೇ ಮತ್ತೆ ಓದತೊಡಗಿತು. ನಾಲ್ಕು ಸೂಜಿಗಳು ಏರಿ ಇಳಿದವು. ಗಾಡಿಯಿಂದ ಬಿದ್ದದ್ದು ಬಂತು, ಅದಕ್ಕೆ ಯಾರೂ ನಗಲಿಲ್ಲ. ಬರಹ ಇನ್ನೇನು ಮುಗಿಯುವುದರಲ್ಲಿತ್ತು.

"ಗಂಧದ ಚಕ್ಕೆಯ ಹಾರ" ಎಂದಿತು ಫೋನು. "ನಿಮ್ಮವರ ಫೋಟೊದ ಅಳತೆಗೆ."

ಯಾರೂ ಕೂಗಲಿಲ್ಲ. ಯಾರ ಕೈಯದು ಎಂದು ಯಾರೂ ಕೇಳಲಿಲ್ಲ. ಕಸ್ತೂರಿ ಮೊದಲು ಎದ್ದಳು. ಜೋಳಿಗೆಯಿಂದ ಕೂಸನ್ನು ಎಳೆದುಕೊಂಡು, ಅದರ ಬಾಯಿಗೆ ಕಿವಿ ಹಚ್ಚಿ, ಮಾವನೊಬ್ಬನೇ ಇದ್ದ ಮನೆಯ ಕಡೆ ಓಡಿದಳು. ಮಾಬುಬಿ ತುಂಬಿದ ಬಸುರಿ ಮಗಳ ಹೆಸರು ಕೂಗುತ್ತ ಹೋದಳು. ಅರವತ್ತೆಂಟರ ಈರವ್ವ, ಮೊಣಕಾಲು ನೋವಿನವಳು, ಕೋಲನ್ನೂ ಮರೆತು ತನ್ನ ಮನೆಯ ಕಡೆ ಹೋದಳು. ಕೌದಿ ಸಡಿಲಾಗಿ ನೆಲಕ್ಕೆ ಕುಸಿಯಿತು. ಅದರಲ್ಲಿ ಮೂರು ಸೂಜಿಗಳು ಹಾಗೆಯೇ ನಿಂತಿದ್ದವು.

ಗುರುಸಿದ್ದವ್ವ ನಾಲ್ಕನೆಯ ಸೂಜಿಯನ್ನೂ ಬಿಟ್ಟು ಎದ್ದು ಮಂಚದ ಹತ್ತಿರ ಹೋದಳು. ಬಾಳಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಅವಳು ಅಂಗೈಯನ್ನು ಅವನ ಎದೆಗೆ ಮುಟ್ಟಿಯೂ ಮುಟ್ಟದ ಹಾಗೆ ಹಿಡಿದಳು. ಎದೆ ಏರಿತು. ಇಳಿಯಿತು. ಅವಳು ಹಾಗೆಯೇ ಬಾಗಿ ನಿಂತು, ಅದು ಮತ್ತೊಮ್ಮೆ ಏರುವುದನ್ನು ಕಾದಳು.